ಕೆಪ್ಪಜೋಗದ ದಾರಿ

‘ಜಲಪಾತ’ವೆಂಬುದು ನಾವು ಪಠ್ಯಪುಸ್ತಕಗಳಿಂದ ಕಲಿತ ಮಾತು. ನೀರು ಬೀಳುತ್ತದೆ ಎಂಬಷ್ಟನ್ನು ಮಾತ್ರ ಅದು ಹೇಳುತ್ತದೆ. ಸಹ್ಯಾದ್ರಿಯ ಮಡಿಲಲ್ಲಿ ಬಾಳುವ ಜನ ಪರಸ್ಥಳದವರೊಡನೆ ಮಾತಾಡುವಾಗ ಈ ಪದವನ್ನು ಬಳಸಿಯಾರು. ತಮ್ಮತಮ್ಮೊಳಗೆ ಅವರು ಅಬ್ಬಿ ಎನ್ನುತ್ತಾರೆ, ಜೋಗ ಎನ್ನುತ್ತಾರೆ. ತುಳುನಾಡಿಗೆ ಇಳಿದರೆ ಅರ್ಬಿ. ಗುಡ್ಡದ ಒರತೆಯಿಂದ ಅಡಿಕೆ ಮರದ ದಂಬೆಯಲ್ಲಿ ಹರಿದುಬಂದು ಬಚ್ಚಲಿನ ಹಂಡೆಗೆ ಬೀಳುವ ನೀರೂ ಮಲೆನಾಡಿನ ಮನೆಗಳಲ್ಲಿ ಅಬ್ಬಿಯ ನೀರೇ. ನೂರಾರು ಅಡಿಗಳ ಕಮರಿಗೆ ಧುಮುಕುವ ಹೊಳೆಗೂ, ಮನೆಯ ಹಿತ್ತಲಲ್ಲಿ ಬೀಳುವ ಒಂದು ಬೆರಳು ದಪ್ಪದ ನೀರಿಗೂ ಒಂದೇ ಹೆಸರು! ಇದನ್ನು ಪದಗಳ ಬಡತನವೆಂದು ತಿಳಿಯಲಾಗದು. ಆ ಜನರಿಗೆ ಬೀಳುವ ನೀರು ನೋಡಿ ಬರುವ ವಸ್ತುವಲ್ಲ, ನಿತ್ಯ ಒಡನಾಡುವ ನೆರೆಯವ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ 116 ಮೀಟರ್ ಕೆಳಕ್ಕೆ ಬೀಳುವ ತಾಣವೊಂದಿದೆ. ಊರಿನ ಹೆಸರಿನಿಂದ ಅದನ್ನು ಉಂಚಳ್ಳಿ ಜಲಪಾತವೆಂದು ಕರೆಯುತ್ತಾರೆ. 1845ರಲ್ಲಿ ಅದನ್ನು ಕಂಡ ಲುಷಿಂಗ್ಟನ್ ಎಂಬ ಆಂಗ್ಲ ಅಧಿಕಾರಿಯ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಊರವರು ಮಾತ್ರ ಅದನ್ನು ಕೆಪ್ಪಜೋಗವೆಂದರು. ಅದರೆದುರು ನಿಂತವನಿಗೆ ಬೇರೇನೂ ಕೇಳಿಸದು, ಕಿವಿ ಕೆಪ್ಪಾಗುತ್ತದೆ. ಒಂದು ಹೆಸರು ನೋಡಿದವನು ಯಾರೆಂಬುದನ್ನು ಹೇಳುತ್ತದೆ. ಇನ್ನೊಂದು, ನೀರು ನಮಗೇನು ಮಾಡುತ್ತದೆಂಬುದನ್ನು. ಕನ್ನಡದ ಅಧ್ಯಾಪಕನಾಗಿದ್ದ ನನಗೆ ಎರಡನೆಯದೇ ಮೆಚ್ಚು. ಅದು ಪಕ್ಷಪಾತವೆಂದರೆ ಪಕ್ಷಪಾತವೇ ಸರಿ.

ಈ ಸೀಮೆಯಲ್ಲಿ ಇಷ್ಟೊಂದು ಅಬ್ಬಿಗಳೇಕೆ? ಭೂಪಟವನ್ನು ಬಿಡಿಸಿದರೆ ಉತ್ತರ ಕಾಣುತ್ತದೆ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ—ಈ ಹೊಳೆಗಳೆಲ್ಲ ಘಟ್ಟದ ಮೇಲಿನ ನೆಲದಲ್ಲಿ ಹುಟ್ಟಿ, ಸಾವಕಾಶವಾಗಿ ಹರಿದು, ಥಟ್ಟನೆ ಪೀಠಭೂಮಿಯ ಅಂಚಿಗೆ ಬಂದು ನಿಲ್ಲುತ್ತವೆ. ಜೋಗದ ಬಂಡೆಯಿಂದ ಹೊನ್ನಾವರದ ಕಡಲಿಗೆ ಹಕ್ಕಿ ಹಾರುವ ದಾರಿಯಲ್ಲಿ ನಲವತ್ತು ಕಿಲೋಮೀಟರಿನ ಆಸುಪಾಸು ಅಷ್ಟೆ. ಇಷ್ಟು ಕಿರಿದಾದ ದೂರದಲ್ಲಿ ಇಷ್ಟೊಂದು ಎತ್ತರವನ್ನು ಇಳಿಯಬೇಕಾದ ನೀರಿಗೆ ಧುಮುಕದೆ ಗತಿಯಿಲ್ಲ. ಅದರ ಮೇಲೆ ಕಡಲಿನಿಂದ ಬರುವ ಮುಂಗಾರಿನ ಮೋಡಗಳು ಮೊದಲು ಎದೆಗೊಡುವುದೂ ಈ ಗೋಡೆಗೇ.

ಜೋಗದ ಮಾತು ಬಂದಿತು. 1856ರಲ್ಲಿ ನೌಕಾದಳದ ಇಬ್ಬರು ಅಧಿಕಾರಿಗಳು ಅದನ್ನು ಅಳೆದು 830 ಅಡಿ ಎಂದು ಗೊತ್ತುಮಾಡಿದರು. ರಾಜ ಒಂದೇ ನೆಗೆತಕ್ಕೆ ಇಳಿಯುತ್ತಾನೆ. ರೋರರ್ ಓರೆಯಾಗಿ ಉರುಳಿ ಬಂದು ನಡುದಾರಿಯಲ್ಲಿ ರಾಜನನ್ನು ಕೂಡುತ್ತದೆ. ರಾಕೆಟ್ ಬಾಣಬಾಣವಾಗಿ ಚಿಮ್ಮುತ್ತದೆ. ರಾಣಿ ಬಂಡೆಗೆ ಮೈಯೊಡ್ಡಿ ನೊರೆಯಾಗಿ ಜಾರುತ್ತಾಳೆ. ಈ ವರ್ಣನೆಯನ್ನು ಬಲ್ಲ ಹಲವರು ಜೋಗಕ್ಕೆ ಹೋಗಿ ಕಪ್ಪು ಬಂಡೆಯನ್ನೂ ನಾಲ್ಕು ಬಿಳಿಯ ಎಳೆಗಳನ್ನೂ ಕಂಡು ಪೆಚ್ಚಾಗಿ ಮರಳಿದ್ದಾರೆ. 1948ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಮೊದಲಾಯಿತು. 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದಕ್ಕೆ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಅದರ ನೀರಿನಲ್ಲಿ ಮುಳುಗಿತು. ಅಣೆಕಟ್ಟು ಮುಳುಗಿದಲ್ಲಿ ಹಳ್ಳಿಗಳು ಉಳಿದಾವೆ? ಸಾವಿರಾರು ಜನ ಮನೆ, ತೋಟ, ಗದ್ದೆಗಳನ್ನು ಬಿಟ್ಟು ಎದ್ದರು. ಇಂದು ಶರಾವತಿಯ ಬಹುಪಾಲು ನೀರು ಜೋಗದ ಬಂಡೆಯನ್ನು ಮುಟ್ಟದೆಯೇ ತಲಕಳಲೆಯ ಮಾರ್ಗವಾಗಿ ಯಂತ್ರಗಳನ್ನು ತಿರುಗಿಸಲು ಹೋಗುತ್ತದೆ. ಮಳೆ ತುಂಬಿ ಗೇಟು ತೆರೆದ ದಿನ ಜೋಗ ಜೋಗವಾಗುತ್ತದೆ. ಉಳಿದ ದಿನಗಳಲ್ಲಿ ಅದು ಜೋಗದ ಗುರುತು. ನಿಸಾರ್ ಅಹಮದರ ‘ನಿತ್ಯೋತ್ಸವ’ ಗೀತೆ ಜೋಗವನ್ನು ನೀರಿನೊಡನೆ ಸೇರಿಸದೆ ಬೆಳಕಿನೊಡನೆ ಸೇರಿಸಿ ನೆನೆದದ್ದು ಎಷ್ಟು ಯಥಾರ್ಥ! ಆ ಬೆಳಕಿನ ಕೆಳಗೆ ಕುಳಿತು ಓದಿದ ತಲೆಮಾರಿಗೆ ಸೇರಿದ ನಾನು ಅಣೆಕಟ್ಟನ್ನು ಹಳಿಯಲಾರೆ. ಆದರೆ ಆ ಬೆಳಕಿಗೆ ತೆತ್ತ ಬೆಲೆ ಏನೆಂದು ತಿಳಿಯಬಯಸುವವರು ಕಟ್ಟಿಲ್ಲದ ಹೊಳೆಯೊಂದು ಬೀಳುವುದನ್ನು ಒಮ್ಮೆ ನೋಡಬೇಕು. ಅಘನಾಶಿನಿಗೆ ಈವರೆಗೂ ಅಂಥ ದೊಡ್ಡ ಅಣೆಕಟ್ಟಿಲ್ಲ.

ಸಿದ್ದಾಪುರದಿಂದ ಕುಮಟೆಯ ರಸ್ತೆ ಹಿಡಿದು ಬಂದು ಹೆಗ್ಗರಣೆಯಲ್ಲಿ ತಿರುಗಬೇಕು. ಈಗ ವಾಹನಗಳು ಬಹಳ ಹತ್ತಿರದವರೆಗೆ ಹೋಗುತ್ತವೆ, ಕೊನೆಗೆ ಇಳಿಯಲು ಮೆಟ್ಟಿಲುಗಳಿವೆ. ಆದರೂ ಹೆಗ್ಗರಣೆಯಿಂದಲೇ ನಡೆಯಿರೆಂದು ನನ್ನ ವಿನಂತಿ. ವಾಹನದಲ್ಲಿ ಹೋದವರಿಗೆ ಜೋಗ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ನಡೆದು ಹೋದವರಿಗೆ ಅದು ಮೊದಲು ಕಿವಿಗೆ ಬರುತ್ತದೆ. ಮೊದಲು ಗಾಳಿಯೋ ನೀರೋ ಎಂದು ತಿಳಿಯದ ಒಂದು ಮೊರೆತ. ಅನಂತರ ಅದು ಮಾಯ. ಮತ್ತೆ ಎಡಗಡೆಯಿಂದ ಕೇಳಿದ್ದು ಬಲಗಡೆಯಿಂದ ಕೇಳುತ್ತದೆ. ನನ್ನೊಡನೆ ಬಂದಿದ್ದ ಆ ಊರಿನ ಹಿರಿಯ ತೋಟಿಗರೊಬ್ಬರು ನಾನು ಹೆಜ್ಜೆಯನ್ನು ಚುರುಕುಗೊಳಿಸಿದ್ದನ್ನು ಕಂಡು, “ಸದ್ದು ಕೇಳ್ತು ಅಂತ ಹತ್ತಿರ ಬಂತು ಅಂದ್ಕೋಬೇಡಿ ಮಾಸ್ತರೇ. ಗಾಳಿ ತಿರುಗಿದ್ರೆ ಸದ್ದೂ ತಿರುಗ್ತದೆ” ಎಂದರು. ಅಷ್ಟು ಹೇಳಿ ಅವರು ದಾರಿಯಲ್ಲಿ ಬಿದ್ದಿದ್ದ ಒಂದು ಮುರುಗಲ ಹಣ್ಣನ್ನು ಹೆಕ್ಕಿ ನನ್ನ ಕೈಗಿಟ್ಟರು.

ಈ ದಾರಿಯುದ್ದಕ್ಕೂ ಗಮನಿಸಬೇಕಾದುದು ಕಾಡು. ನಿತ್ಯಹಸುರಿನ ದಟ್ಟ ಕಾಡಿಗೆ ಆ ಕಡೆ ಕಾನು ಎನ್ನುತ್ತಾರೆ. ಕಾನಿನ ನೆಲ ತರಗೆಲೆ, ಬೇರು, ಹುಳುಹುಪ್ಪಟೆಗಳಿಂದ ಅರಳೆಯಂತೆ ಮೆತ್ತಗಾಗಿರುತ್ತದೆ. ಬಿದ್ದ ಮಳೆ ಮೇಲೆಯೇ ಕೊಚ್ಚಿಹೋಗದೆ ಒಳಕ್ಕೆ ಇಳಿಯುತ್ತದೆ; ಇಳಿದದ್ದು ಮಾಘ, ಫಾಲ್ಗುಣದಲ್ಲಿ ಒರತೆಯಾಗಿ ಹೊರಬರುತ್ತದೆ. ಕಾನು ಕಡಿದು ಅಕೇಶಿಯಾ ನೆಟ್ಟಲ್ಲಿ ಇದೇ ಹಳ್ಳ ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ, ಬೇಸಿಗೆಗೆ ಮುನ್ನವೇ ಒಣಗುತ್ತದೆ. ಬೀಳುವ ನೀರನ್ನು ಹೊಗಳುವ ನಾವು ಆ ನೀರನ್ನು ಹಿಡಿದಿಟ್ಟು ಕೊಟ್ಟ ಕಾನನ್ನು ದಾರಿಯೆಂದಷ್ಟೇ ಎಣಿಸಿ ದಾಟಿಬಿಡುತ್ತೇವೆ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ ರಾಂಪತ್ರೆಯ ಬಳಗದ ಮರಗಳು ಜೌಗಿನಲ್ಲಿ ನಿಂತು, ಉಸಿರಾಡಲೆಂದು ಬೇರುಗಳನ್ನು ಮಣಿದ ಮೊಣಕಾಲಿನಂತೆ ನೆಲದ ಮೇಲಕ್ಕೆ ಎತ್ತಿವೆ. ಸಿಂಗಳೀಕಗಳ ನೆಲೆಯೂ ಈ ಸೀಮೆಯೇ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಅವುಗಳ ಸಂರಕ್ಷಣೆಗೆಂದು ಘೋಷಿಸಲಾಯಿತು.

ಕೆಪ್ಪಜೋಗದ ಎದುರು ನಿಂತಾಗಿನ ಅನುಭವವನ್ನು ವರ್ಣಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಒಂದು ವಿಷಯ ಮಾತ್ರ ಹೇಳುತ್ತೇನೆ. ನಡುಮಳೆಗಾಲದಲ್ಲಿ ಹೋದವರಿಗೆ ಹಲವು ಸಲ ಅದು ಕಾಣುವುದೇ ಇಲ್ಲ. ಕಣಿವೆ ತುಂಬ ಮಂಜು, ಅದರೊಳಗೊಂದು ಗರ್ಜನೆ. ಗಾಳಿ ಬೀಸಿ ತೆರೆ ಸರಿದರೆ ಒಂದೆರಡು ನಿಮಿಷದ ದರ್ಶನ, ಮತ್ತೆ ಮರೆ. ಕಾಣಲಿಲ್ಲವೆಂದು ಗೊಣಗುತ್ತ ಮರಳುವವರನ್ನು ನೋಡಿದ್ದೇನೆ. ಅರ್ಧ ಗಂಟೆ ಆ ಸದ್ದಿನಲ್ಲಿ ನಿಂತವರಿಗೆ ಏನೂ ಸಿಗಲಿಲ್ಲವೆಂದು ನನಗೆ ಅನ್ನಿಸುವುದಿಲ್ಲ.

ಅಲ್ಲಿಂದ ಮುಂದೆ ಹೊಳೆ ಎಲ್ಲಿಗೆ ಹೋಗುತ್ತದೆಂಬುದನ್ನು ಯಾತ್ರಿಕರು ಸಾಮಾನ್ಯವಾಗಿ ಕೇಳುವುದಿಲ್ಲ. ಅದು ಕುಮಟೆಯ ಬಳಿ ಕಡಲನ್ನು ಸೇರುತ್ತದೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಆ ಅಳಿವೆಯ ಗಜನಿ ಭೂಮಿಯಲ್ಲಿ, ಉಪ್ಪನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಜನ ಕೆಸರಿನಿಂದ ಚಿಪ್ಪಿಕಲ್ಲುಗಳನ್ನು ಆಯ್ದು ಮಾರಿ ಬಾಳುತ್ತಾರೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಘಟ್ಟದ ಮೇಲೆ ಹೊಳೆಯನ್ನು ಕಟ್ಟಿದರೆ ಕೆಳಗೆ ಉಪ್ಪು ಮೇಲೇರುತ್ತದೆ, ಕೆಸರು ಬರುವುದು ನಿಲ್ಲುತ್ತದೆ. ಕಗ್ಗದ ರೈತ, ಚಿಪ್ಪಿ ಆಯುವ ಹೆಣ್ಣುಮಗಳು ಇಬ್ಬರೂ ಅದನ್ನು ಬಲ್ಲರು. ಕಡಲಿಗೆ ಹೋಗುವ ನೀರು ವ್ಯರ್ಥವೆಂಬ ಮಾತನ್ನು ಅವರೆದುರು ಆಡಲು ಧೈರ್ಯ ಬೇಕು.

ಇದು ಕೇವಲ ಊಹೆಯ ಆತಂಕವಲ್ಲ. ಮಾಗೋಡಿನಲ್ಲಿ ಎರಡು ಹಂತವಾಗಿ ಧುಮುಕುವ ಬೇಡ್ತಿಗೆ ವಿದ್ಯುತ್ ಯೋಜನೆಯೊಂದು ಸಿದ್ಧವಾಗಿತ್ತು. 1980ರ ಸುಮಾರಿಗೆ ಶಿರಸಿ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರು ಅದನ್ನು ವಿರೋಧಿಸಿದರು. ಅವರು ಘೋಷಣೆ ಕೂಗಿ ಸುಮ್ಮನಾಗಲಿಲ್ಲ; ವಿಜ್ಞಾನಿಗಳನ್ನು ಕರೆಸಿ, ಮುಳುಗುವ ಕಾಡು ತೋಟಗಳ ಬೆಲೆ ಎಷ್ಟು, ಬರುವ ವಿದ್ಯುತ್ತಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಿಸಿದರು. ಯೋಜನೆ ಕೈಬಿಟ್ಟಿತು, ಮಾಗೋಡು ಉಳಿಯಿತು. ಈಗ ಅದೇ ಬೇಡ್ತಿಯ ನೀರನ್ನು ಎತ್ತಿ ವರದೆಗೆ ಒಯ್ಯುವ ಪ್ರಸ್ತಾಪವೂ, ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯೂ ಚರ್ಚೆಯಲ್ಲಿ ಬಂದಿವೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ನಾನೇ ಬಯಲುಸೀಮೆಯವನು. ಆದರೆ ಹಿಂದಿನವರು ಹಾಕಿಸಿದಂಥ ಲೆಕ್ಕವನ್ನು ಈ ಸಲವೂ ಹಾಕಲಿ, ಬಹಿರಂಗವಾಗಿ ಹಾಕಲಿ ಎಂದು ಕೇಳುವುದು ತಪ್ಪಾಗಲಾರದು.

ಹೋಗುವವರಿಗೆ ಎರಡು ಮಾತು. ಪಾಚಿ ಕಟ್ಟಿದ ಬಂಡೆಯ ಮೇಲೆ ಭಾವಚಿತ್ರಕ್ಕೆಂದು ನಿಲ್ಲಬೇಡಿ. ಪ್ರತಿ ಮಳೆಗಾಲವೂ ಪತ್ರಿಕೆಗಳಲ್ಲಿ ಎಳೆಯರ ಸಾವಿನ ಸುದ್ದಿ ಓದಿ ಸಾಕಾಗಿದೆ. ಹಳ್ಳದಲ್ಲಿ ಇಳಿದಿದ್ದಾಗ ನೀರಿನ ಬಣ್ಣ ಬದಲಾದರೆ, ತರಗು ಕಡ್ಡಿಗಳು ತೇಲಿಬಂದರೆ, ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಮಳೆ ಸುರಿದಿದೆ ಎಂದರ್ಥ. ಆ ಕ್ಷಣವೇ ದಡ ಸೇರಿ. ಇಂಬಳಕ್ಕೆ ಹೆದರಬೇಕಾದ್ದಿಲ್ಲ, ಸುಣ್ಣವೋ ಹೊಗೆಸೊಪ್ಪೋ ಸಾಕು. ಹೆದರಬೇಕಾದ್ದು ಒಣಗಾಲದ ಉಣುಗಿಗೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಅದರಿಂದ ಹರಡುತ್ತದೆ, ಸಿದ್ದಾಪುರ ಸೀಮೆಯಲ್ಲೂ ಅದು ಜೀವಗಳನ್ನು ಬಲಿತೆಗೆದುಕೊಂಡಿದೆ.

ಹಾಗಾಗಿ ದೀಪಾವಳಿಯ ಆಸುಪಾಸಿನ ದಿನಗಳೇ ಮೇಲು. ಮಂಜು ತೆಳುವಾಗಿರುತ್ತದೆ, ಹೊಳೆಯಲ್ಲಿ ನೀರು ಇನ್ನೂ ತುಂಬಿರುತ್ತದೆ. ಸಿದ್ದಾಪುರವನ್ನು ಬೆಳಿಗ್ಗೆಯೇ ಬಿಡಿ. ಬುತ್ತಿ ಕಟ್ಟಿಕೊಂಡು ಹೋಗಿ. ಬುತ್ತಿ ಸುತ್ತಲು ಬಾಳೆಲೆಯಾದರೆ ಒಳ್ಳೆಯದು.