ಸಿನಿಮಾ ಸೋತಿತು, ಕಟುಕ ಗೆದ್ದ
(ಮಸ್ಕತ್‌ನಲ್ಲಿ ನಮ್ಮ ಕೂಟದ ಸಿನಿಮಾ ಸಂಜೆಯಲ್ಲಿ ಆಡಿದ ಮಾತು)



ಇಷ್ಟವಾದ ಸಿನಿಮಾ ಬಗ್ಗೆ ಐದು ನಿಮಿಷ ಮಾತಾಡಿ ಅಂದರು. ನಾನು ಅರ್ಧ ಮಾತ್ರ ಇಷ್ಟವಾದದ್ದನ್ನು ಆರಿಸಿಕೊಂಡಿದ್ದೇನೆ. 2002ರಲ್ಲಿ ಬಂದ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನದ 'ಗ್ಯಾಂಗ್ಸ್ ಆಫ್ ನ್ಯೂಯಾರ್ಕ್'.

ಕಥೆ ನಮಗೆ ಹೊಸದಲ್ಲ. 1846ರಲ್ಲಿ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಕೊಳೆಗೇರಿಯಲ್ಲಿ ಎರಡು ಗುಂಪು ಹೊಡೆದಾಡುತ್ತವೆ. ಒಂದು ಅಲ್ಲೇ ಹುಟ್ಟಿದವರದ್ದು, ಇನ್ನೊಂದು ಐರ್ಲೆಂಡಿನಿಂದ ವಲಸೆ ಬಂದವರದ್ದು. ವಲಸಿಗರ ನಾಯಕ ಸಾಯುತ್ತಾನೆ. ಹದಿನಾರು ವರ್ಷದ ಮೇಲೆ ಅವನ ಮಗ ಸೇಡಿಗಾಗಿ ವಾಪಸ್ ಬಂದು, ಕೊಂದವನ ಬಲಗೈ ಬಂಟನೇ ಆಗುತ್ತಾನೆ. ಇಂಥ ಕಥೆ ನಮ್ಮೂರ ಟೆಂಟಿನಲ್ಲಿ ಎಷ್ಟು ನೋಡಿಲ್ಲ ಹೇಳಿ!

ಸಿನಿಮಾ ಎರಡೂಮುಕ್ಕಾಲು ಗಂಟೆ ಇದೆ. ಮಗನ ಪಾತ್ರದ ಲಿಯೊನಾರ್ಡೊ ಡಿಕಾಪ್ರಿಯೊ ಮೊದಲಿಂದ ಕೊನೆವರೆಗೆ ಒಂದೇ ಸಿಟ್ಟಿನಲ್ಲಿ ಇರುತ್ತಾರೆ. ಕ್ಯಾಮೆರಾನ್ ಡಯಾಸ್ ಪಾತ್ರವನ್ನು ನಾಯಕಿ ಒಬ್ಬಳು ಬೇಕಲ್ಲ ಅಂತ ಸೇರಿಸಿದ ಹಾಗಿದೆ. ರೋಮ್‌ನ ಸ್ಟುಡಿಯೊದಲ್ಲಿ ಇಡೀ ಬೀದಿಗಳನ್ನೇ ಕಟ್ಟಿದ್ದಾರೆ. ಕಣ್ಣು ತುಂಬುತ್ತದೆ, ಮನಸ್ಸು ತುಂಬುವುದಿಲ್ಲ.

ಹೆಚ್ಚು ಬೇಸರವಾದದ್ದು ಕೊನೆಯ ಭಾಗ. 1863ರ ಜುಲೈನಲ್ಲಿ ಆ ಊರಲ್ಲಿ ನಿಜವಾಗಿಯೂ ದೊಡ್ಡ ಗಲಭೆ ಆಯಿತು. ಅಂತರ್ಯುದ್ಧಕ್ಕೆ ಸೈನಿಕರು ಬೇಕಾಗಿ ಸರ್ಕಾರ ಕಡ್ಡಾಯ ಭರ್ತಿ ತಂದಿತು. 300 ಡಾಲರ್ ಕಟ್ಟಿದವನಿಗೆ ವಿನಾಯಿತಿ. ಬಡವರು ಬೀದಿಗಿಳಿದರು. ಅವರಲ್ಲಿ ಬಹಳಷ್ಟು ಜನ ಐರಿಷ್ ವಲಸಿಗರೇ. ಆದರೆ ದುಡ್ಡಿದ್ದವರ ಮೇಲಿನ ಸಿಟ್ಟು ತಮಗಿಂತ ಕೆಳಗಿದ್ದ ಕಪ್ಪು ಜನರ ಮೇಲೆ ತಿರುಗಿತು. ಅವರನ್ನು ಬೀದಿಯಲ್ಲೇ ಕೊಂದರು, ಅವರ ಮಕ್ಕಳಿದ್ದ ಅನಾಥಾಲಯಕ್ಕೆ ಬೆಂಕಿ ಇಟ್ಟರು. ಆ ಗಲಭೆಯಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಇಷ್ಟು ದೊಡ್ಡ ಸಂಗತಿ ಈ ಸಿನಿಮಾದಲ್ಲಿ ಇಬ್ಬರ ಚಾಕು ಜಗಳದ ಹಿಂದಿನ ಪರದೆ ಆಗಿಬಿಟ್ಟಿದೆ.

ಮತ್ತೆ ಮೂರು ಸಲ ಯಾಕಪ್ಪ ನೋಡಿದೆ ಅಂತೀರಾ? ಡೇನಿಯಲ್ ಡೇ-ಲೂಯಿಸ್‌ಗಾಗಿ. ಇಲ್ಲೇ ಹುಟ್ಟಿದವರ ಗುಂಪಿನ ನಾಯಕ, ಬಿಲ್ ಎಂಬ ಕಟುಕನ ಪಾತ್ರ ಅವರದ್ದು. ಎತ್ತರದ ಟೋಪಿ, ದಪ್ಪ ಮೀಸೆ, ಒಂದು ಗಾಜಿನ ಕಣ್ಣು. ಆ ಕಣ್ಣಿಗೆ ಚಾಕುವಿನ ತುದಿಯಿಂದ ಟಕ್ ಟಕ್ ಅಂತ ಬಡಿಯುತ್ತಾನೆ, ನಮ್ಮ ಮೈ ಜುಂ ಅನ್ನುತ್ತೆ. ಒಂದು ರಾತ್ರಿ ಅಮೆರಿಕದ ಬಾವುಟ ಹೊದ್ದುಕೊಂಡು ಹುಡುಗನ ಹಾಸಿಗೆ ಪಕ್ಕ ಕೂರುತ್ತಾನೆ. ಕೂಗಾಟ ಇಲ್ಲ. ಇಷ್ಟು ವರ್ಷ ತಾನು ಬದುಕಿ ಉಳಿದದ್ದು ಜನರಲ್ಲಿ ಹುಟ್ಟಿಸಿದ ಭಯದಿಂದ ಅಂತ ಮೆಲ್ಲಗೆ ಹೇಳುತ್ತಾನೆ. ತಾನೇ ಕೊಂದ ವೈರಿಯನ್ನು ಗೌರವದಿಂದ ನೆನೆಯುತ್ತಾನೆ. ಆ ಹೊತ್ತಿಗೆ ಅವನ ಮೇಲೆ ಕನಿಕರವೂ ಬರುತ್ತದೆ, ಅದೇ ಆ ನಟನ ತಾಕತ್ತು. ಚಿತ್ರಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಒಂದೂ ಬಹುಮಾನ ಬರಲಿಲ್ಲ. ಇನ್ನೊಂದು ವಿಷಯ, ಐರಿಷರನ್ನು ದ್ವೇಷಿಸುವ ಈ ಪಾತ್ರ ಮಾಡಿದವರ ತಂದೆ, ಕವಿ ಸಿಸಿಲ್ ಡೇ-ಲೂಯಿಸ್, ಹುಟ್ಟಿದ್ದೇ ಐರ್ಲೆಂಡಿನಲ್ಲಿ.

ಬಿಲ್‌ನ ವಾದ ಸರಳ. ನಮ್ಮಪ್ಪ 1814ರಲ್ಲಿ ಈ ದೇಶಕ್ಕಾಗಿ ಯುದ್ಧದಲ್ಲಿ ಸತ್ತ, ನಿನ್ನೆ ಹಡಗಿಂದ ಇಳಿದವರಿಗೆ ಯಾಕೆ ಪಾಲು ಅಂತ.

ಈಗ ನನ್ನ ಕಥೆ. ನಾನು ಇಲ್ಲಿಗೆ ಬಂದು 14 ವರ್ಷ. ನಮ್ಮ ರೂಮಿಗೆ ಯಾದಗಿರಿ ಕಡೆಯ ಹುಡುಗ ಒಬ್ಬ ಬಂದ. "ಅಣ್ಣಾರ, ಈ ಪಲ್ಯದ ಡಬ್ಬಿ ಫ್ರಿಜ್ಜಿನ್ಯಾಗ ಇಡ್ಲೇನ್ರಿ?" ಅಂದ. "ನಿನ್ನೆ ಬಂದವ್ನು ನೀನು, ಜಾಗ ಇಲ್ಲ, ಹೊರಗೆ ಇಟ್ಕೋ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಬೇಸಿಗೆ ಅದು, ಪಲ್ಯ ರಾತ್ರಿಯೊಳಗೆ ಹಳಸಿತು.

ಮೂರನೇ ಸಲ ಈ ಸಿನಿಮಾ ನೋಡಿದ್ದು ಅವನ ಜೊತೆ, ಅವನ ಫೋನಿನಲ್ಲಿ. ಬಿಲ್‌ನ ಮಾತು ಅರ್ಥ ಆಗಲಿಲ್ಲ ಅಂತ ಕೇಳಿದ. ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಈ ಕಟುಕನ ಮುತ್ಯಾನೂ ಎಲ್ಲಿಂದರೆ ಬಂದಾಂವೇ ಇರಬೇಕಲ್ರಿ ಅಣ್ಣಾರ?" ಅಂದ.

ನನ್ನನ್ನು ಚುಚ್ಚಬೇಕು ಅಂತ ಅವನು ಕೇಳಿದ್ದಲ್ಲ. ಆದರೂ ನನಗೆ ಉತ್ತರ ಬರಲಿಲ್ಲ. ಮಾರನೇ ದಿನ ಫ್ರಿಜ್ಜಿನಲ್ಲಿ ಒಂದು ತಟ್ಟೆ ಖಾಲಿ ಮಾಡಿಕೊಟ್ಟೆ. ಮೊದಲೇ ಮಾಡಬೇಕಿತ್ತು.

ಸಿನಿಮಾ ನೋಡಿ. ಮಧ್ಯೆ ಬೇಜಾರಾದರೆ ಎದ್ದು ಚಹಾ ಮಾಡಿಕೊಳ್ಳಿ. ಕಟುಕ ಬಂದಾಗ ಮಾತ್ರ ಏಳಬೇಡಿ.