ಹಾಡು ಉಳಿಯಬೇಕಾದರೆ
(ಶತಮಾನೋತ್ಸವದ ಅಂಗವಾಗಿ ನಡೆದ ಗಾನವೃಂದಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಗಾಯನದ ವಿಷಯವಾಗಿ ನಾಲ್ಕು ಮಾತುಗಳನ್ನಾಡುವ ಭಾಗ್ಯ ನಮಗೆ ದೊರೆತಿದೆ. ದೂರದ ಐರ್ಲೆಂಡಿನ ಜಾನಪದ ಗಾಯಕರ ತಂಡವೊಂದರ ವೃತ್ತಾಂತದಿಂದ ಆರಂಭಿಸುತ್ತೇವೆ.

1962ರಲ್ಲಿ ಡಬ್ಲಿನ್ ನಗರದ ಒಂದು ಪಾನಗೃಹದಲ್ಲಿ ರಾನಿ ಡ್ರೂ, ಲ್ಯೂಕ್ ಕೆಲ್ಲಿ, ಕಿಯರಾನ್ ಬರ್ಕ್, ಬಾರ್ನಿ ಮೆಕೆನಾ ಎಂಬ ನಾಲ್ವರು ಕೂಡಿ ಹಾಡತೊಡಗಿದರು. ಲ್ಯೂಕ್ ಆಗ ಓದುತ್ತಿದ್ದ ಜೇಮ್ಸ್ ಜಾಯ್ಸರ ಕಥಾಸಂಕಲನದ ಹೆಸರನ್ನೇ ತಂಡಕ್ಕೆ ಇರಿಸಿಕೊಂಡು ‘ಡಬ್ಲಿನರ್ಸ್’ ಎಂದು ಪ್ರಖ್ಯಾತರಾದರು. ಪಾನಗೃಹದ ಹಾಡಿಗೂ ದೇವಾಲಯಕ್ಕೂ ಏನು ಸಂಬಂಧವೆಂದು ಹಿರಿಯರು ಹುಬ್ಬೇರಿಸಬಹುದು. ಅವರೇನೂ ಸಂತರಾಗಿರಲಿಲ್ಲ, 1967ರಲ್ಲಿ ಅವರ ಹಾಡೊಂದನ್ನು ಆ ದೇಶದ ಬಾನುಲಿಯು ಪ್ರಸಾರ ಮಾಡದೆ ತಡೆದದ್ದೂ ಉಂಟು. ಆದರೂ ಅವರಿಂದ ನಾವು ಕಲಿಯಬೇಕಾದ ಪಾಠವೊಂದಿದೆ.

1974ರಲ್ಲಿ ಕಿಯರಾನರಿಗೆ ಮಿದುಳಿನ ರಕ್ತಸ್ರಾವವಾಗಿ ದೇಹದ ಎಡಭಾಗವು ಸ್ವಾಧೀನ ತಪ್ಪಿತು. 1980ರಲ್ಲಿ ಲ್ಯೂಕ್ ವೇದಿಕೆಯ ಮೇಲೆಯೇ ಕುಸಿದರು. ಮಿದುಳಿನ ಗೆಡ್ಡೆಯಿಂದ ನರಳಿ 1984ರಲ್ಲಿ ತೀರಿಕೊಂಡರು. 1987ರಲ್ಲಿ ತಂಡದ ಬೆಳ್ಳಿಹಬ್ಬ ಬಂದಾಗ ಗೆಳೆಯರು ಕಿಯರಾನರನ್ನು ಮರೆಯಲಿಲ್ಲ. ಅವರು ಬಂದರು, ಹಾಡಲಿಲ್ಲ, ಒಂದು ಶೋಕಗೀತೆಯನ್ನು ವಾಚಿಸಿದರು. ಬಳಿಕ ರಾನಿಯವರೂ ತಂಡದವರೂ ಅವರ ಗೌರವಾರ್ಥವಾಗಿ ಹಾಡಿದರು. ಮರುವರ್ಷವೇ ಕಿಯರಾನ್ ಅಗಲಿದರು. ಆ ದಿನ ಕರೆಯದೆ ಇದ್ದಿದ್ದರೆ ಮತ್ತೆ ಕರೆಯುವ ಅವಕಾಶವೇ ಇರುತ್ತಿರಲಿಲ್ಲ!

2002ರಲ್ಲಿ ನಲವತ್ತನೆಯ ವರ್ಷದ ಸಂಭ್ರಮ. 1995ರಲ್ಲಿ ತಂಡವನ್ನು ಬಿಟ್ಟಿದ್ದ ರಾನಿಯವರೂ ಎಪ್ಪತ್ತರ ದಶಕದಲ್ಲಿ ಜೊತೆಗಿದ್ದ ಜಿಮ್ ಮೆಕ್ಯಾನರೂ ಹಿಂದಿರುಗಿ, ಡಬ್ಲಿನ್ನಿನ ಗೇಯ್ಟಿ ರಂಗಮಂದಿರದಲ್ಲಿ ಸಂಗಡಿಗರೊಡನೆ ಹಾಡಿದರು. ಆ ಗಾಯನ ಧ್ವನಿಮುದ್ರಿತವಾಗಿ ಉಳಿದಿದೆ. 2008ರಲ್ಲಿ ರಾನಿ, 2012ರ ಏಪ್ರಿಲ್‌ನಲ್ಲಿ ಮೂಲ ನಾಲ್ವರಲ್ಲಿ ಕೊನೆಯವರಾದ ಬಾರ್ನಿ ಕಣ್ಮರೆಯಾದರು. ಸುವರ್ಣ ವರ್ಷವನ್ನು ಪೂರ್ಣಗೊಳಿಸಿದ ಮೇಲೆ, ಉಳಿದವರು ಆ ಹೆಸರನ್ನು ಗೌರವದಿಂದ ವಿರಮಿಸಗೊಳಿಸಿದರು. ಹೆಸರು ನಿಂತಿತು, ಹಾಡು ನಿಲ್ಲಲಿಲ್ಲ.

ಆ ತಂಡ ಹುಟ್ಟಿದ 1962ರಲ್ಲಿಯೇ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಆರಂಭವಾಯಿತೆಂಬುದನ್ನು ಸ್ಮರಿಸೋಣ. 1963ರ ಡಿಸೆಂಬರ್‌ನಲ್ಲಿ ಹೊರಬಿದ್ದ ದೈವಾರಾಧನಾ ಸಂವಿಧಾನವು ಜನರ ಭಾಷೆಗೆ ಬಲಿಪೂಜೆಯ ಬಾಗಿಲನ್ನು ತೆರೆಯಿತು. ಆಯಾ ಜನಾಂಗದ ಸಂಗೀತಕ್ಕೆ ತಕ್ಕ ಮನ್ನಣೆ ಸಲ್ಲಬೇಕೆಂದಿತು. ಅದರ ಫಲವಾಗಿಯೇ ನಾವು ಇಂದು ಕನ್ನಡದಲ್ಲಿ ದೇವರನ್ನು ಸ್ತುತಿಸುತ್ತಿದ್ದೇವೆ.

ಆದರೆ ಲತೀನ್ ಗೀತೆಗಳನ್ನು ಬಾಯಿಪಾಠವಾಗಿ ಹಾಡಿದವರು, ಮೊದಮೊದಲ ಕನ್ನಡ ಕೀರ್ತನೆಗಳಿಗೆ ದನಿಗೂಡಿಸಿದವರು ಈಗೆಲ್ಲಿ? ಕೆಲವರು ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಕೆಲವರು ಕೊನೆಯ ಸಾಲಿನ ಬೆಂಚಿನಲ್ಲಿ, ಕೆಲವರು ಮನೆಯ ಹಾಸಿಗೆಯಲ್ಲಿ ಇದ್ದಾರೆ. ಸ್ವರ ನಡುಗುತ್ತದೆಂದು ಅವರು ಸುಮ್ಮನಿದ್ದಾರೆ. ಸುಮ್ಮನಿದ್ದಾರೆಂದು ನಾವೂ ಕರೆಯದೆ ಉಳಿದಿದ್ದೇವೆ. ಈ ತಪ್ಪನ್ನು ನಾವು ಒಪ್ಪಿಕೊಳ್ಳಲೇಬೇಕು.

ಆದುದರಿಂದ ನಮ್ಮ ವಿನಂತಿ ಇಷ್ಟೇ: ಮಹೋತ್ಸವದ ಬಲಿಪೂಜೆಯಂದು ಹಳೆಯ ಗಾಯಕರೆಲ್ಲರನ್ನೂ ಕೈಹಿಡಿದು ಗಾನವೃಂದದ ಮಧ್ಯೆ ಕುಳ್ಳಿರಿಸೋಣ. ಹಾಡಲಾರದವರು ಒಂದು ಪ್ರಾರ್ಥನೆಯನ್ನಾದರೂ ಹೇಳಲಿ. ಅವರ ನೆನಪಿನಲ್ಲಿರುವ ರಾಗಗಳನ್ನು ಯುವಜನರು ಕೇಳಿ, ಕಲಿತು, ಮುದ್ರಿಸಿಕೊಳ್ಳಲಿ. ಕಲ್ಲಿನ ದೇವಾಲಯವನ್ನು ನಮ್ಮ ಹಿರಿಯರು ಕಟ್ಟಿಕೊಟ್ಟರು. ಅದರೊಳಗಿನ ಹಾಡನ್ನು ಮುಂದಿನ ನೂರು ವರ್ಷಕ್ಕೆ ಒಪ್ಪಿಸುವ ಹೊಣೆ ನಮ್ಮದು.

ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.