ಸ್ಕ್ರಿಪ್ಟ್ ರನ್ ಮಾಡೋ ಮೊದಲು ಶೆಲ್‌ಚೆಕ್

ಇವತ್ತು ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಹಳೇ ಫೈಲ್ ಅಳಿಸೋಕೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. ಆರ್‌ಎಂ ಕಮಾಂಡ್, ಫೋಲ್ಡರ್ ಹೆಸರಿನ ವೇರಿಯಬಲ್, ಆಮೇಲೆ ಸ್ಲ್ಯಾಶ್, ಸ್ಟಾರ್. ಒಂದು ರಾತ್ರಿ ಆ ವೇರಿಯಬಲ್ ಖಾಲಿ ಇತ್ತು. ಉಳಿದದ್ದು ಬರೀ ಸ್ಲ್ಯಾಶ್, ಸ್ಟಾರ್. ಅಂದ್ರೆ ಇಡೀ ಸಿಸ್ಟಮ್! ಬರೀ ಸ್ಲ್ಯಾಶ್ ಕೊಟ್ಟಿದ್ರೆ ಆರ್‌ಎಂ ಒಪ್ತಿರಲಿಲ್ಲ. ಸ್ಟಾರ್ ಇದ್ರೆ ಶೆಲ್ ಅದನ್ನು ಒಂದೊಂದೇ ಫೋಲ್ಡರ್ ಹೆಸರಾಗಿ ಬಿಡಿಸಿ ಕೊಡುತ್ತೆ, ಆ ಕಾವಲು ಕೆಲಸಕ್ಕೆ ಬರಲ್ಲ. ಪರ್ಮಿಷನ್ ಇಲ್ಲದ ಸಿಸ್ಟಮ್ ಫೈಲ್‌ಗಳು ಉಳಿದವು. ನನ್ನವೆಲ್ಲ ಹೋದವು. ಅದರಲ್ಲಿ ಅಕ್ಕನ ಮದುವೆ ಫೋಟೋಗಳೂ ಇದ್ದವು. ಬೇರೆ ಕಾಪಿ ಇರಲಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ.

ಮರುದಿನ ಶೆಲ್‌ಚೆಕ್ ಹಾಕಿದೆ. ಉಚಿತ, ಓಪನ್ ಸೋರ್ಸ್. ಟರ್ಮಿನಲ್ ತೆಗೆದು ಟೈಪ್ ಮಾಡಿ: ಸುಡೋ ಆಪ್ಟ್ ಇನ್‌ಸ್ಟಾಲ್ ಶೆಲ್‌ಚೆಕ್. ಪಾಸ್‌ವರ್ಡ್ ಹಾಕುವಾಗ ಪರದೆ ಮೇಲೆ ಏನೂ ಕಾಣದಿದ್ರೂ ಗಾಬರಿ ಬೇಡ. ಆಯ್ತು, ಅಷ್ಟೇ. ಇನ್ನು ಶೆಲ್‌ಚೆಕ್ ಅಂತ ಬರೆದು, ಸ್ಪೇಸ್ ಕೊಟ್ಟು, ಫೈಲ್ ಹೆಸರು ಹಾಕಿ. ಇದು ಸ್ಕ್ರಿಪ್ಟನ್ನು ಓಡಿಸಲ್ಲ, ಓದುತ್ತೆ.

ನನ್ನ ಸ್ಕ್ರಿಪ್ಟೂ ಅಳಿಸಿಹೋಗಿತ್ತಲ್ಲ, ನೆನಪಿನಿಂದ ಮತ್ತೆ ಬರೆದು ಕೊಟ್ಟೆ. ಅದೇ ಸಾಲಿನ ಕೆಳಗೆ ಎಚ್ಚರಿಕೆ ಬಂತು: ಎಸ್‌ಸಿ2115. ವೇರಿಯಬಲ್ ಹೆಸರನ್ನು ಕರ್ಲಿ ಬ್ರಾಕೆಟ್ ಒಳಗಿಟ್ಟು, ಅದರ ಪಕ್ಕ ಕೋಲನ್, ಕ್ವೆಶ್ಚನ್ ಮಾರ್ಕ್ ಹಾಕು ಅಂತ. ಹಾಕಿದ್ರೆ, ಹೆಸರು ಖಾಲಿ ಇದ್ದಾಗ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತೆ, ಏನನ್ನೂ ಅಳಿಸಲ್ಲ. ಖಾಲಿ ಬಿಟ್ಟೇ ಓಡಿಸಿ ನೋಡಿದೆ, ಕೈ ನಡುಗ್ತಿತ್ತು. ನಿಂತಿತು.

ಸರಿ, ಈ ಎಪಿಸೋಡ್ ಹೊರಗೆ ಬರೋ ಮೊದಲು ಅಕ್ಕನಿಗೊಂದು ಫೋನ್ ಮಾಡ್ಬೇಕು.